ಹೀಟರ್ ವೆಂಟ್‌ನಿಂದ ಫೋಮ್ ಪುಡಿ ಉದುರುವ ಹಳೆಯ ಸ್ಪೋರ್ಟ್ಸ್ ಕಾರು: ಬಿಚ್ಚುವುದರಿಂದ ಪರೀಕ್ಷೆಯವರೆಗೆ ಹಂತ ಹಂತವಾಗಿ

ಫ್ಯಾನ್ ಹಾಕಿದ ತಕ್ಷಣ ವೆಂಟ್‌ನಿಂದ ಕಪ್ಪು ಅಥವಾ ಹಳದಿ ಪುಡಿ ಹಾರಿ ಬರುತ್ತದೆ. ಎಸಿ ಓಡುತ್ತಿದ್ದರೂ ಗಾಳಿ ಪೂರ್ತಿ ತಣ್ಣಗಾಗುವುದಿಲ್ಲ. ಸರಿ ಅಂತ ಡ್ಯಾಶ್ ಬಿಚ್ಚಿ, ಹೊಸ ಫೋಮ್ ಅಂಟಿಸಿ, ಎಲ್ಲ ಜೋಡಿಸಿ ಉಸಿರು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪುಡಿ, ಅದೇ ಬಿಸಿ ಗಾಳಿ. ತುಂಬಾ ಜನ ಎಡವುತ್ತಿರುವುದು ಇಲ್ಲೇ. ಕಾರಣಗಳು ಮುಖ್ಯವಾಗಿ ಎರಡು. ಹಳೆಯ ಅಂಟನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸುತ್ತಾರೆ. ಇನ್ನೊಂದು, ಗಾಳಿಯ ದಾರಿ ತಿರುಗಿಸುವ ಫ್ಲ್ಯಾಪ್ ಕೊನೆಯವರೆಗೂ ಮುಚ್ಚುತ್ತದಾ ಅಂತ ನೋಡದೆ ಡ್ಯಾಶ್ ಜೋಡಿಸಿಬಿಡುತ್ತಾರೆ. ಅಂಟಿಸುವ ಕೆಲಸ ಅರ್ಧ ಗಂಟೆಯದ್ದು, ಅದರ ಹಿಂದೆ ಮುಂದೆ ಇರುವ ಕೆಲಸವೇ ಜಾಸ್ತಿ. ಅದಕ್ಕೇ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

## ಮೊದಲು ಇಷ್ಟು ಗೊತ್ತಿರಲಿ: ಫೋಮ್ ಎಲ್ಲೆಲ್ಲಿ ಇದೆ

ಡ್ಯಾಶ್ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ, ಅದೇ ಹೀಟರ್ ಬಾಕ್ಸ್. ಬಿಸಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಹರಿಯುವ ಹೀಟರ್ ಕೋರ್, ಗಾಳಿಯನ್ನು ತಣ್ಣಗಾಗಿಸುವ ಎಸಿಯ ಇವಾಪೊರೇಟರ್, ಗಾಳಿಯ ದಾರಿ ತಿರುಗಿಸುವ ಫ್ಲ್ಯಾಪ್‌ಗಳು ಎಲ್ಲವೂ ಅದರೊಳಗೆ. ಫೋಮ್ ಮೂರು ಕಡೆ ಇರುತ್ತದೆ. ಫ್ಲ್ಯಾಪ್‌ಗಳ ಮೈ ಮೇಲೆ, ಬಾಕ್ಸ್‌ಗೂ ವೆಂಟ್‌ಗೆ ಗಾಳಿ ಒಯ್ಯುವ ಡಕ್ಟ್‌ಗೂ ನಡುವಿನ ಜೋಡಣೆಗಳಲ್ಲಿ, ಮತ್ತು ಎಂಜಿನ್ ಕಡೆಯ ಗೋಡೆಯನ್ನು ಪೈಪ್‌ಗಳು ದಾಟುವ ಜಾಗದಲ್ಲಿ.

ಬಿಸಿ ಮತ್ತು ತಣ್ಣನೆಯ ಗಾಳಿಯನ್ನು ಬೆರೆಸುವುದು ಬ್ಲೆಂಡ್ ಫ್ಲ್ಯಾಪ್. ಪೋರ್ಷೆಯ 986 ಬಾಕ್ಸ್‌ಟರ್, 996 ಸರಣಿಯ 911, ಮೊದಲ ತಲೆಮಾರಿನ ಆಡಿ ಟಿಟಿಯಂಥ ಕಾರುಗಳಲ್ಲಿ ಈ ಫ್ಲ್ಯಾಪ್ ಒಂದು ತೂತು ತೂತಾದ ತಗಡು. ತೂತುಗಳನ್ನು ಮುಚ್ಚಿರುವುದು ಫೋಮ್ ಮಾತ್ರ. ಫೋಮ್ ಉದುರಿದ ಮೇಲೆ ಫ್ಲ್ಯಾಪ್ ಮುಚ್ಚಿದ್ದರೂ ಅದು ಜರಡಿಯೇ, ಬಿಸಿ ಗಾಳಿ ಆರಾಮಾಗಿ ದಾಟಿ ಬರುತ್ತದೆ. ಬೇರೆ ಹಲವು ಕಾರುಗಳಲ್ಲಿ ಫ್ಲ್ಯಾಪ್ ತೂತಿಲ್ಲದ ಪ್ಲಾಸ್ಟಿಕ್ ಹಲಗೆ. ಅಲ್ಲಿ ಸೋರುವುದು ಅಂಚಿನಲ್ಲಿ. ನಿಮ್ಮದು ಯಾವ ಬಗೆ ಅಂತ ಮೊದಲೇ ತಿಳಿದುಕೊಳ್ಳಿ, ಯಾಕೆಂದರೆ 8ನೇ ಹಂತ ತೂತಿರುವ ಫ್ಲ್ಯಾಪ್‌ಗೆ ಮಾತ್ರ.

ಹಳೆಯ ಫೋಮ್ ಸಾಮಾನ್ಯವಾಗಿ ಪಾಲಿಯುರೆಥೇನ್. ತೇವ ಮತ್ತು ಬಿಸಿ ಎರಡೂ ಸೇರಿ ವರ್ಷಗಳ ಕಾಲ ತಾಗಿದರೆ ಅದು ಮೊದಲು ಜಿಗುಟಾಗಿ, ಆಮೇಲೆ ಪುಡಿಯಾಗುತ್ತದೆ. ಕಾರು ಓಡದೆ ನಿಂತಿದ್ದರೂ ಇದು ತಪ್ಪುವುದಿಲ್ಲ. ಹಾಗಾಗಿ ಕಡಿಮೆ ಓಡಿದ ಕಾರು ಅಂತ ಸಮಾಧಾನ ಪಡಬೇಡಿ.

## 1. ತೊಂದರೆ ಫೋಮ್‌ನದ್ದೇನಾ? ಖಚಿತ ಮಾಡಿಕೊಳ್ಳಿ

ಪುಡಿ ಬರುತ್ತಿದ್ದರೆ ಫೋಮ್ ಹೋಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗಾಳಿ ತಣ್ಣಗಾಗದೇ ಇರುವುದಕ್ಕೆ ಅದೊಂದೇ ಕಾರಣ ಅಂತ ಹೇಳಲಾಗದು.

ಎಂಜಿನ್ ತಣ್ಣಗಿರುವಾಗ ಶುರು ಮಾಡಿ. ಎಸಿ ಆಫ್, ತಾಪದ ಗುಂಡಿ ಪೂರ್ತಿ ತಣ್ಣನೆಯ ಕಡೆಗೆ, ಫ್ಯಾನ್ ಮಧ್ಯಮ ವೇಗದಲ್ಲಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ನಡುವಿನ ವೆಂಟ್‌ನಲ್ಲಿ ಸಣ್ಣ ಥರ್ಮಾಮೀಟರ್ ಸಿಕ್ಕಿಸಿ. ಶುರುವಿನಲ್ಲಿ ಹೆಚ್ಚು ಕಡಿಮೆ ಹೊರಗಿನ ತಾಪವೇ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಎರಡು ಮೂರು ಡಿಗ್ರಿ ಏರಿದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಹಾಗೆ ವೆಂಟ್ ಕೂಡ ಬಿಸಿಯಾಗುತ್ತಾ ಹೋದರೆ, ಒಳಗೆ ಬಿಸಿ ಸೋರುತ್ತಿದೆ ಅಂತ ಅರ್ಥ.

ಈಗ ಸೋರುತ್ತಿರುವುದು ಫ್ಲ್ಯಾಪಾ, ಹೀಟರ್ ವಾಲ್ವಾ ಅಂತ ನೋಡಬೇಕು. ಕೆಲವು ಕಾರುಗಳಲ್ಲಿ ಹೀಟರ್ ಕೋರ್‌ಗೆ ಹೋಗುವ ಕೂಲೆಂಟನ್ನು ತಡೆಯಲು ಒಂದು ವಾಲ್ವ್ ಇರುತ್ತದೆ. ಗುಂಡಿ ತಣ್ಣನೆಯ ಕಡೆ ಇದ್ದಾಗ ವಾಲ್ವ್ ದಾಟಿದ ಮೇಲಿನ ಹೋಸ್ ಕೂಡ ಕೈಗೆ ಸುಡುವಷ್ಟು ಬಿಸಿ ಇದ್ದರೆ ವಾಲ್ವ್ ಹಾಳಾಗಿದೆ, ಮೊದಲು ಅದನ್ನು ಬದಲಿಸಿ ಮತ್ತೆ ಪರೀಕ್ಷೆ ಮಾಡಿ. ಎಷ್ಟೋ ಸಲ ಡ್ಯಾಶ್ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ವಾಲ್ವ್ ಇಲ್ಲದ ಕಾರುಗಳಲ್ಲಿ ಎರಡೂ ಹೋಸ್ ಯಾವಾಗಲೂ ಬಿಸಿಯೇ ಇರುತ್ತವೆ. ಬಿಸಿಯನ್ನು ತಡೆಯುವುದು ಫ್ಲ್ಯಾಪ್ ಒಂದೇ. ಅಂಥ ಕಾರಿನಲ್ಲಿ ವೆಂಟ್ ಬಿಸಿಯಾದರೆ ಫ್ಲ್ಯಾಪ್ ಅಥವಾ ಅದನ್ನು ತಿರುಗಿಸುವ ಕೇಬಲ್, ಮೋಟಾರ್ ಕಡೆಗೇ ಬೆರಳು ತೋರಿಸುತ್ತದೆ.

ಇನ್ನೂ ಮೂರು ಲಕ್ಷಣಗಳನ್ನು ಗಮನಿಸಿ. ಗಾಜಿನ ಮೇಲೆ ಜಿಗುಟು ಮಂಜು, ಸಿಹಿ ವಾಸನೆ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಅದನ್ನು ಬದಲಿಸಲು ಬಾಕ್ಸ್ ಬಿಚ್ಚಲೇಬೇಕಾದರೆ ಎರಡೂ ಕೆಲಸ ಒಟ್ಟಿಗೆ ಮಾಡಿ. ಕಾಲ ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ಫೋಮ್ ಪುಡಿ ಇವಾಪೊರೇಟರ್‌ನ ನೀರು ಹೋಗುವ ಕೊಳವೆಯನ್ನು ಕಟ್ಟಿರಬಹುದು. ಕಾರಿನೊಳಗೆ ಸೈಲೆನ್ಸರ್ ಹೊಗೆಯ ವಾಸನೆ ಬರುತ್ತಿದ್ದರೆ ಮಾತ್ರ ಕಾರು ಓಡಿಸುವುದನ್ನು ನಿಲ್ಲಿಸಿ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಜೀವ ತೆಗೆಯುವಂಥದ್ದು, ಕಿಟಕಿ ಇಳಿಸಿಕೊಂಡು ಹೋದರಾಯಿತು ಅನ್ನಬೇಡಿ.

## 2. ಸಾಮಾನು ಹೊಂದಿಸಿಕೊಳ್ಳಿ

ಇಲ್ಲಿ ಮುಖ್ಯವಾದದ್ದು ಫೋಮ್‌ನ ಆಯ್ಕೆ. ಬಾಗಿಲು ಕಿಟಕಿಗೆ ಅಂಟಿಸುವ ಮೆತ್ತನೆಯ ಸ್ಪಂಜಿನ ಪಟ್ಟಿ ಬೇಡವೇ ಬೇಡ. ಅದರಲ್ಲಿ ಬಹುಪಾಲು ಹಳೆಯ ಫೋಮ್‌ನ ಜಾತಿಯದ್ದೇ, ನೀರು ಹೀರುತ್ತದೆ, ಮತ್ತೆ ಪುಡಿಯಾಗುತ್ತದೆ. ಬಟ್ಟೆಯಂಥ ಫೆಲ್ಟ್ ಕೂಡ ಬೇಡ, ತೇವ ಹಿಡಿದುಕೊಂಡು ಬೂಸ್ಟು ಬರುತ್ತದೆ. ಬೇಕಾದದ್ದು ಮುಚ್ಚಿದ ಕೋಶಗಳ ಫೋಮ್, ಅಂದರೆ ಒತ್ತಿದರೆ ನೀರು ಹೀರದಂಥದ್ದು. ಇಪಿಡಿಎಂ ರಬ್ಬರ್ ಫೋಮ್ ಸಿಕ್ಕರೆ ಅದೇ ಒಳ್ಳೆಯದು, ನಿಯೋಪ್ರೀನ್ ಆದರೂ ನಡೆಯುತ್ತದೆ. ಹಿಂಬದಿಯಲ್ಲಿ ಅಕ್ರಿಲಿಕ್ ಅಂಟು ಇರುವ ಹಾಳೆಯನ್ನೇ ಕೇಳಿ ತೆಗೆದುಕೊಳ್ಳಿ. ಅಗ್ಗದ ರಬ್ಬರ್ ಅಂಟು ಬಿಸಿಗೆ ಜಾರುತ್ತದೆ. ಕೂಲೆಂಟ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ ಅನ್ನುವುದು ನೆನಪಿರಲಿ, ಫೋಮೂ ಅಂಟೂ ಎರಡೂ 100 ಡಿಗ್ರಿಯಾದರೂ ತಡೆಯಬೇಕು. ಫ್ಲ್ಯಾಪ್‌ಗೆ 3 ಮಿಲಿಮೀಟರ್, ಡಕ್ಟ್ ಜೋಡಣೆಗೆ 6 ರಿಂದ 10 ಮಿಲಿಮೀಟರ್ ದಪ್ಪದ್ದು ಸಾಮಾನ್ಯವಾಗಿ ಹೊಂದುತ್ತದೆ. ಆದರೂ ಅಳತೆ ನೋಡಿಯೇ ಕೊನೆಯ ತೀರ್ಮಾನ ಮಾಡಿ.

ಉಳಿದ ಸಾಮಾನು ಇಷ್ಟು:

- ತೂತು ಮುಚ್ಚಲು ಅಲ್ಯೂಮಿನಿಯಂ ಫಾಯಿಲ್ ಟೇಪ್. ಡಕ್ಟ್‌ಗೆ ಸುತ್ತುವ ಬಟ್ಟೆ ಟೇಪ್ ಅಲ್ಲ, ನಿಜವಾದ ಲೋಹದ ಹಾಳೆಯದ್ದು
- ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ
- ಪ್ಲಾಸ್ಟಿಕ್ ಸ್ಕ್ರೇಪರ್, ಟ್ರಿಮ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿಗಳು
- ಉದ್ದ ಚಿಮಟ, ಸಣ್ಣ ಕನ್ನಡಿ, ತಲೆಗೆ ಕಟ್ಟುವ ಟಾರ್ಚ್, ಅಯಸ್ಕಾಂತದ ಕಡ್ಡಿ
- ಕಿರಿದಾದ ಬಾಯಿಯ ವ್ಯಾಕ್ಯೂಮ್, ಮೆತ್ತನೆಯ ಬ್ರಶ್
- ಎನ್95 ಮಟ್ಟದ ಮಾಸ್ಕ್, ಕನ್ನಡಕ, ಕೈಗವಸು
- ನಮೂನೆ ಕತ್ತರಿಸಲು ತೆಳು ರಟ್ಟು, ಹೊಸ ಬ್ಲೇಡು

ಫೋನಿಗೆ ಸಿಕ್ಕಿಸುವ ಸಣ್ಣ ಕೊಳವೆ ಕ್ಯಾಮರಾ ಇದ್ದರೆ ತುಂಬಾ ಅನುಕೂಲ. ಬಿಚ್ಚುವ ಮೊದಲೇ ವೆಂಟ್‌ನಿಂದ ಇಳಿಸಿ ಫ್ಲ್ಯಾಪ್‌ನ ಸ್ಥಿತಿ ನೋಡಬಹುದು.

## 3. ಯಾವ ದಾರಿಯಿಂದ ಒಳಗೆ ಹೋಗುವುದು

ದಾರಿ ಎರಡಿವೆ. ಬಾಕ್ಸ್ ಕಾರಿನಲ್ಲೇ ಇರುವಾಗ ರೇಡಿಯೋ ತೆಗೆದ ಜಾಗ, ಗ್ಲವ್ ಬಾಕ್ಸ್, ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಅಥವಾ ನಡುವಿನ ವೆಂಟ್‌ನ ಬಾಯಿಯಿಂದ ಕೈ ಹಾಕಿ ಕೆಲಸ ಮಾಡುವುದು ಒಂದು. ಇಡೀ ಬಾಕ್ಸನ್ನು ಹೊರತೆಗೆದು ಮೇಜಿನ ಮೇಲಿಟ್ಟು ಬಿಚ್ಚುವುದು ಇನ್ನೊಂದು.

ಎರಡನೆಯದು ಕೆಲಸದ ಗುಣಮಟ್ಟಕ್ಕೆ ಒಳ್ಳೆಯದು, ಆದರೆ ಬಾಕ್ಸ್ ತೆಗೆಯಬೇಕಾದರೆ ಕೂಲೆಂಟ್ ಖಾಲಿ ಮಾಡಬೇಕು. ಎಷ್ಟೋ ಕಾರುಗಳಲ್ಲಿ ಎಸಿ ಪೈಪ್ ಕೂಡ ಬಿಚ್ಚಬೇಕು. ಎಸಿ ಪೈಪನ್ನು ನೀವೇ ಸಡಿಲಿಸಲು ಹೋಗಬೇಡಿ. ಒಳಗೆ ಒತ್ತಡದಲ್ಲಿರುವ ಗ್ಯಾಸ್ ಕೈಗೆ, ಕಣ್ಣಿಗೆ ತಾಗಿದರೆ ಕ್ಷಣದಲ್ಲಿ ಹಿಮಗಾಯ ಮಾಡುತ್ತದೆ, ಗಾಳಿಗೆ ಬಿಡುವುದು ಹಲವು ದೇಶಗಳಲ್ಲಿ ಅಪರಾಧ ಕೂಡ. ಯಂತ್ರದಿಂದ ಗ್ಯಾಸ್ ಹೀರಿಸಿಕೊಂಡೇ ಮುಂದುವರಿಯಿರಿ.

ನನ್ನ ಲೆಕ್ಕ ಸರಳ. ಹೀಟರ್ ಕೋರ್ ಅಥವಾ ಇವಾಪೊರೇಟರ್ ಸೋರುತ್ತಿದ್ದರೆ ಬಾಕ್ಸ್ ಹೊರಗೆ ತೆಗೆಯಿರಿ. ಅವು ಸರಿಯಿದ್ದು ಫ್ಲ್ಯಾಪ್‌ಗೆ ಕೈ ತಲುಪುತ್ತದೆ ಅಂತಾದರೆ ಕಾರಿನಲ್ಲೇ ಮಾಡಿ. ಬಾಕ್ಸ್‌ನ ಗೋಡೆಯಲ್ಲಿ ಕಿಂಡಿ ಕೊರೆದು ಆಮೇಲೆ ಮುಚ್ಚುವವರೂ ಇದ್ದಾರೆ. ಅದು ನಡೆಯುತ್ತದೆ, ಆದರೆ ಗೋಡೆಯ ಆ ಬದಿಯಲ್ಲಿ ಕೋರ್ ಅಥವಾ ವೈರ್ ಇಲ್ಲ ಅಂತ ಕಣ್ಣಾರೆ ನೋಡದೆ ಬ್ಲೇಡು ಇಳಿಸಬಾರದು. ಸುಮ್ನೆ ಅಂದಾಜಿನ ಮೇಲೆ ಕೊಯ್ದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ.

## 4. ಬ್ಯಾಟರಿ ಮತ್ತು ಏರ್‌ಬ್ಯಾಗ್

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಅದು ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಇಡಿ. ಸರ್ವಿಸ್ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಕೈಪಿಡಿ ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಕೆಲಸ ಶುರು ಮಾಡಿ. ಏರ್‌ಬ್ಯಾಗ್‌ನ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಹಳದಿ ಬಣ್ಣದ ವೈರ್, ಹಳದಿ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು, ಮೀಟರ್ ಹಚ್ಚಿ ನೋಡುವ ಆಸೆ ಬೇಡ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ, ಜನ ಓಡಾಡದ ಜಾಗದಲ್ಲಿ ಇಡಿ. ಅದನ್ನು ಮತ್ತೆ ಜೋಡಿಸುವವರೆಗೆ ಕೀ ತಿರುಗಿಸಬೇಡಿ, ಇಲ್ಲದಿದ್ದರೆ ಎಚ್ಚರಿಕೆ ದೀಪ ಹತ್ತಿಕೊಂಡು ಅದನ್ನು ಆರಿಸಲು ಕಾರಿನ ದೋಷ ಓದುವ ಸ್ಕ್ಯಾನರ್ ಹುಡುಕಬೇಕಾಗುತ್ತದೆ.

ಬ್ಯಾಟರಿ ತೆಗೆಯುವ ಮೊದಲು ಮೂರು ಸಣ್ಣ ವಿಷಯ. ಹಳೆಯ ರೇಡಿಯೋ ಕೋಡ್ ಕೇಳುತ್ತದೆ, ಕೋಡ್ ಕೈಯಲ್ಲಿರಲಿ. ಚೌಕಟ್ಟಿಲ್ಲದ ಬಾಗಿಲಿನ ಕಾರಾದರೆ ಕಿಟಕಿಯನ್ನು ಸ್ವಲ್ಪ ಇಳಿಸಿಡಿ, ವಿದ್ಯುತ್ ಇಲ್ಲದಾಗ ಬಾಗಿಲು ತೆಗೆದರೆ ಗಾಜು ತಾನಾಗಿ ಇಳಿಯುವುದಿಲ್ಲ, ರಬ್ಬರಿಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಹೆಚ್ಚಿನವರು ಮರೆಯುವಂಥದ್ದು: ಬ್ಯಾಟರಿ ಇರುವ ಡಿಕ್ಕಿಗೆ ವಿದ್ಯುತ್ ಲಾಚ್ ಇದ್ದರೆ ಬ್ಯಾಟರಿ ಬಿಚ್ಚಿದ ಮೇಲೆ ಅದರ ಮುಚ್ಚಳ ಮುಚ್ಚಬೇಡಿ. ತೆಗೆಯಲು ವಿದ್ಯುತ್ ಬೇಕು, ವಿದ್ಯುತ್ ಒಳಗೆ ಸಿಕ್ಕಿಕೊಂಡಿದೆ.

## 5. ಬಿಚ್ಚುವಾಗ ಗುರುತು ಹಾಕಿ

ಹಳೆಯ ಡ್ಯಾಶ್‌ನ ಪ್ಲಾಸ್ಟಿಕ್ ಒಣಗಿ ಸೆಡೆತಿರುತ್ತದೆ. ಚಳಿಯಲ್ಲಿ ಕ್ಲಿಪ್ ಎಳೆಯಬೇಡಿ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿ ಶುರು ಮಾಡಿದರೆ ಮುರಿಯುವುದು ಕಡಿಮೆ. ಪ್ರತಿ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಉದ್ದ ಸ್ಕ್ರೂವನ್ನು ಗಿಡ್ಡದರ ಜಾಗದಲ್ಲಿ ಹಾಕಿದರೆ ಡಕ್ಟ್ ತೂತಾಗುತ್ತದೆ. ಗಾಜಿನ ಬುಡದ ವೆಂಟ್ ಬಾಯಿಗೆ ಮೊದಲೇ ಟೇಪ್ ಹಚ್ಚಿಬಿಡಿ. ಅದರೊಳಗೆ ಬಿದ್ದ ಸ್ಕ್ರೂ ಸೀದಾ ಬಾಕ್ಸ್‌ಗೇ ಹೋಗುತ್ತದೆ.

ಫ್ಲ್ಯಾಪ್‌ನ ಕೇಬಲ್ ಅಥವಾ ಲಿವರ್ ಬಿಚ್ಚುವ ಮೊದಲು ಗುಂಡಿಯನ್ನು ಪೂರ್ತಿ ತಣ್ಣನೆಯ ಕಡೆಗಿಟ್ಟು ಫೋಟೋ ತೆಗೆಯಿರಿ. ಕೇಬಲ್‌ನ ಹೊರಕವಚ ಕ್ಲಿಪ್‌ನಲ್ಲಿ ಎಲ್ಲಿ ಕೂತಿದೆ ಅನ್ನುವುದನ್ನು ಪೆನ್ನಿನಿಂದ ಗೀಟು ಹಾಕಿ. ಫ್ಲ್ಯಾಪ್ ಎಲ್ಲಿಯವರೆಗೆ ಮುಚ್ಚಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಆ ಕ್ಲಿಪ್‌ನ ಜಾಗವೇ. ಮೋಟಾರ್ ಇದ್ದರೆ ಫ್ಲ್ಯಾಪನ್ನು ಕೈಯಿಂದ ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಪ್ಲಾಸ್ಟಿಕ್ ಗಿಯರ್‌ನ ಹಲ್ಲು ಹೋಗುತ್ತದೆ. ಮೊದಲು ಮೋಟಾರನ್ನು ಲಿವರ್‌ನಿಂದ ಬೇರ್ಪಡಿಸಿ.

## 6. ಸಡಿಲ ಪುಡಿಯನ್ನು ಹೊರತೆಗೆಯಿರಿ

ಮಾಸ್ಕ್, ಕನ್ನಡಕ ಹಾಕಿಕೊಂಡೇ ಶುರು ಮಾಡಿ. ಗಾಳಿ ಊದುವ ಕಂಪ್ರೆಸರ್ ಹತ್ತಿರ ತರಬೇಡಿ. ಊದಿದರೆ ಪುಡಿ ಹೊರಗೆ ಬರುವ ಬದಲು ಇವಾಪೊರೇಟರ್‌ನ ತೆಳು ರೆಕ್ಕೆಗಳ ನಡುವೆ ಹೋಗಿ ಕೂರುತ್ತದೆ. ವ್ಯಾಕ್ಯೂಮ್ ಒಂದೇ ಸರಿಯಾದ ದಾರಿ. ಇನ್ನೊಂದು ಕೈಯಲ್ಲಿ ಮೆತ್ತನೆಯ ಬ್ರಶ್ ಹಿಡಿದು ಮೇಲಿನಿಂದ ಕೆಳಗೆ ಬನ್ನಿ.

ಬ್ಲೋವರ್ ಬಿಚ್ಚಿ ನೋಡುವುದನ್ನು ತಪ್ಪಿಸಬೇಡಿ. ಅದರ ಚಕ್ರದ ಎಲೆಗಳ ನಡುವೆ ಫೋಮ್ ಚೂರು ಕೂತಿದ್ದರೆ ಚಕ್ರ ತೂಕ ತಪ್ಪಿ ಗಡಗಡ ಅನ್ನುತ್ತದೆ. ಹತ್ತಿರದಲ್ಲೇ ಫ್ಯಾನ್ ವೇಗ ತಗ್ಗಿಸುವ ಬ್ಲೋವರ್‌ನ ರೆಸಿಸ್ಟರ್ ಇರುತ್ತದೆ. ಓಡುವಾಗ ಅದು ತುಂಬಾ ಬಿಸಿಯಾಗುತ್ತದೆ, ತಣ್ಣಗಾಗುವುದು ಹರಿಯುವ ಗಾಳಿಯಿಂದಲೇ. ಅದರ ಮೇಲೆ ಚೂರು ಅಂಟಿದ್ದರೆ ಸುಟ್ಟ ವಾಸನೆ ಬರುತ್ತದೆ, ತೆಗೆದು ಒರೆಸಿ.

ಇವಾಪೊರೇಟರ್ ರೆಕ್ಕೆಗಳ ಮೇಲೆ ಬ್ರಶ್ ಆಡಿಸುವಾಗ ರೆಕ್ಕೆಗಳ ಉದ್ದಕ್ಕೇ ಆಡಿಸಿ, ಅಡ್ಡ ಎಳೆದರೆ ಮಡಚಿಕೊಳ್ಳುತ್ತವೆ. ಆಮೇಲೆ ಒಂದು ಲೋಟ ನೀರನ್ನು ನಿಧಾನವಾಗಿ ಇವಾಪೊರೇಟರ್ ಕೆಳಗಿನ ತಟ್ಟೆಗೆ ಬಿಟ್ಟು ಕಾರಿನ ಕೆಳಗೆ ತೊಟ್ಟಿಕ್ಕುತ್ತದಾ ನೋಡಿ. ತೊಟ್ಟಿಕ್ಕದಿದ್ದರೆ ಕೊಳವೆಯನ್ನು ಕೆಳಗಿನಿಂದ ಮೆತ್ತನೆಯ ನೈಲಾನ್ ಎಳೆ ಹಾಕಿ ಬಿಡಿಸಿ. ಗಟ್ಟಿ ತಂತಿ ಬೇಡ, ಅದು ಇವಾಪೊರೇಟರನ್ನೇ ಚುಚ್ಚಬಹುದು.

## 7. ಹಳೆಯ ಅಂಟು: ಇಡೀ ಕೆಲಸ ನಿಂತಿರುವುದು ಇಲ್ಲಿ

ಪುಡಿ ಹೋದ ಮೇಲೆ ಫ್ಲ್ಯಾಪ್ ನೋಡಲು ಸ್ವಚ್ಛವಾಗಿರುವ ಹಾಗೆ ಕಾಣುತ್ತದೆ. ಬೆರಳಿಟ್ಟು ನೋಡಿ. ಜಿಗುಟು ಇದ್ದರೆ ಹಳೆಯ ಅಂಟೂ ಕರಗಿದ ಫೋಮೂ ಸೇರಿದ ಪದರ ಇನ್ನೂ ಅಲ್ಲೇ ಇದೆ. ಹೊಸ ಫೋಮ್ ಆ ಪದರಕ್ಕೆ ಅಂಟುತ್ತದೆ, ಪದರ ಫ್ಲ್ಯಾಪ್‌ನಿಂದ ಜಾರುತ್ತದೆ. ಮೊದಲ ಬಿಸಿಲಿಗೆ ಅಂಚು ಏಳುತ್ತದೆ, ಮುಂದಿನದ್ದು ನಿಮಗೆ ಗೊತ್ತೇ ಇದೆ.

ಮೊದಲು ಒಣಗಿದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ, ಕೆಳಗೆ ವ್ಯಾಕ್ಯೂಮ್ ಬಾಯಿ ಹಿಡಿದಿರಲಿ. ಜಿಗುಟು ಚೂರುಗಳನ್ನು ಅಗಲ ಟೇಪ್ ಒತ್ತಿ ಎಳೆದು ತೆಗೆಯಬಹುದು. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದು ಆಮೇಲೆ ಉಜ್ಜಿ. ಬಟ್ಟೆಯನ್ನು ಆಗಾಗ ಬದಲಿಸಿ. ಕೊಳೆಯಾದ ಅದೇ ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಅಂಟನ್ನು ಫ್ಲ್ಯಾಪ್ ತುಂಬಾ ಹರಡಿದ ಹಾಗೆ ಆಗುತ್ತದೆ ಅಷ್ಟೇ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಬೇಡ.

ಅಸಿಟೋನ್, ಥಿನ್ನರ್, ಪೆಟ್ರೋಲ್ ಬಳಸಬೇಡಿ. ಎಷ್ಟೋ ಬಗೆಯ ಪ್ಲಾಸ್ಟಿಕ್ ಅವುಗಳಿಗೆ ಮೆತ್ತಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ, ಆವಿ ಬೇರೆ ಕಾರಿನೊಳಗೆ ಉಳಿಯುತ್ತದೆ. ಎಣ್ಣೆಯಂಥ ಸ್ಪ್ರೇಗಳು ಅಂಟನ್ನೇನೋ ಚೆನ್ನಾಗಿ ಬಿಡಿಸುತ್ತವೆ, ಆದರೆ ಹಿಂದೆ ತೆಳು ಎಣ್ಣೆ ಪದರ ಬಿಟ್ಟುಹೋಗುತ್ತವೆ. ಬಳಸಿದರೆ ಆಮೇಲೆ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಲೇಬೇಕು.

ಲೋಹದ ಫ್ಲ್ಯಾಪ್ ಅಂತ ತಂತಿ ಬ್ರಶ್ ಹಾಕಬೇಡಿ. ಮೇಲಿನ ಲೇಪ ಹೋದರೆ ತುಕ್ಕು ಶುರು. ಈಗಾಗಲೇ ತುಕ್ಕಿದ್ದರೆ ಅಷ್ಟು ಜಾಗ ಮಾತ್ರ ಸಣ್ಣ ಉಜ್ಜುಕಾಗದದಲ್ಲಿ ತಿಕ್ಕಿ, ಪ್ರೈಮರ್ ಹಚ್ಚಿ, ಪೂರ್ತಿ ಒಣಗುವವರೆಗೆ ಬಿಡಿ. ಫ್ಲ್ಯಾಪ್ ಬಂದು ಕೂರುವ ಬಾಕ್ಸ್‌ನ ಅಂಚನ್ನೂ ಇದೇ ರೀತಿ ಒರೆಸಿ. ಅಲ್ಲಿ ಜಿಗುಟು ಉಳಿದರೆ ಹೊಸ ಫೋಮ್ ಅದಕ್ಕೆ ಅಂಟಿಕೊಂಡು, ಫ್ಲ್ಯಾಪ್ ತೆರೆಯುವಾಗ ಹರಿದು ಬರುತ್ತದೆ. ಫ್ಲ್ಯಾಪ್‌ಗೆ ಗಂಟೆಗಟ್ಟಲೆ ಬೆವರು ಸುರಿಸಿದವರೂ ಈ ಅಂಚನ್ನು ನೋಡುವುದೇ ಇಲ್ಲ.

ಮುಗಿಯಿತಾ ಅಂತ ತಿಳಿಯಲು ಒಂದು ಪರೀಕ್ಷೆ. ಫಾಯಿಲ್ ಟೇಪ್‌ನ ಸಣ್ಣ ಚೂರು ಅಂಟಿಸಿ, ಒತ್ತಿ, ಎಳೆಯಿರಿ. ಟೇಪ್‌ನ ಹಿಂಬದಿಯಲ್ಲಿ ಕಂದು ಅಥವಾ ಕಪ್ಪು ಬಣ್ಣ ಬಂದರೆ ಇನ್ನೊಂದು ಸುತ್ತು ಒರೆಸಿ.

## 8. ತೂತುಗಳನ್ನು ಫಾಯಿಲ್ ಟೇಪ್‌ನಿಂದ ಮುಚ್ಚಿ

ತೂತಿರುವ ಫ್ಲ್ಯಾಪ್ ಆದರೆ ಫೋಮ್‌ಗೂ ಮೊದಲು ಇದು. ಎರಡೂ ಬದಿಗೆ ಟೇಪ್ ಹಾಕಿ. ಎರಡು ಬದಿಯ ಅಂಟುಗಳು ತೂತಿನೊಳಗೆ ಒಂದಕ್ಕೊಂದು ಸೇರಿ ಗಟ್ಟಿಯಾಗಿ ಹಿಡಿಯುತ್ತವೆ. ಮುಂದೆಂದೋ ಫೋಮ್ ಸವೆದರೂ ಬಿಸಿ ಗಾಳಿ ತೂತಿನಿಂದ ದಾಟುವುದಿಲ್ಲ. ಪಟ್ಟಿಗಳನ್ನು 5 ಮಿಲಿಮೀಟರ್‌ನಷ್ಟು ಒಂದರ ಮೇಲೊಂದು ಬರುವ ಹಾಗೆ ಹಾಕಿ, ಚಮಚದ ಹಿಂಬದಿಯಿಂದ ನಡುವಿನಿಂದ ಅಂಚಿನ ಕಡೆಗೆ ತಿಕ್ಕಿ. ಟೇಪ್ ಫ್ಲ್ಯಾಪ್‌ನ ಅಂಚು ದಾಟಿ ಹೊರಗೆ ಚಾಚಬಾರದು.

ಟೇಪ್ ಒಂದೇ ಸಾಕಲ್ವಾ ಅಂತ ಕೆಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಪುಡಿ ನಿಲ್ಲುತ್ತದೆ ನಿಜ, ಬಿಸಿ ಸೋರುವುದೂ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಅಂಚಿನಲ್ಲಿ ಸಂದು ಉಳಿಯುತ್ತದೆ, ಫ್ಲ್ಯಾಪ್ ಮುಚ್ಚುವಾಗ ಟಕ್ ಅನ್ನುತ್ತದೆ. ಕೈ ಚೆನ್ನಾಗಿ ತಲುಪದ ಜಾಗವಾದರೆ ಮಾತ್ರ ಅಷ್ಟಕ್ಕೆ ಒಪ್ಪಿಕೊಳ್ಳಬಹುದು.

## 9. ಫೋಮ್ ಕತ್ತರಿಸಿ ಅಂಟಿಸುವುದು

ಮೊದಲು ದಪ್ಪ ತೀರ್ಮಾನ ಮಾಡಿ. ಹಳೆಯ ಫೋಮ್‌ನ ಹಾಳಾಗದ ಮೂಲೆ ಎಲ್ಲಾದರೂ ಉಳಿದಿದ್ದರೆ ಅಳೆಯಿರಿ. ಇಲ್ಲದಿದ್ದರೆ ಫ್ಲ್ಯಾಪನ್ನು ಮುಚ್ಚುವ ಕೊನೆಯ ಜಾಗದವರೆಗೆ ತಂದು, ಅಂಚಿಗೂ ಬಾಕ್ಸ್‌ಗೂ ನಡುವಿನ ಸಂದು ಎಷ್ಟಿದೆ ನೋಡಿ. ಫೋಮ್ ಆ ಸಂದಿಗಿಂತ ಸ್ವಲ್ಪ ದಪ್ಪ ಇರಬೇಕು, ಮುಚ್ಚಿದಾಗ ಮೂರನೇ ಒಂದು ಭಾಗದಷ್ಟು ಅಮುಕಿದರೆ ಸಾಕು. ದಪ್ಪ ಹಾಕಿದರೆ ಚೆನ್ನಾಗಿ ಮುಚ್ಚುತ್ತದೆ ಅನ್ನುವುದು ತಪ್ಪು ಲೆಕ್ಕ. ದಪ್ಪ ಫೋಮ್ ಇದ್ದರೆ ಫ್ಲ್ಯಾಪ್ ಕೊನೆ ಮುಟ್ಟುವ ಮೊದಲೇ ನಿಲ್ಲುತ್ತದೆ, ಬುಡದ ಕಡೆ ತಾಗಿ ತುದಿಯ ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಮೋಟಾರ್ ಇರುವ ಕಾರಿನಲ್ಲಿ ಅದು ಕೊನೆ ಸಿಗದೆ ತಳ್ಳುತ್ತಲೇ ಇದ್ದು ಡ್ಯಾಶ್ ಹಿಂದೆ ಟಕ ಟಕ ಶುರುವಾಗುತ್ತದೆ.

ರಟ್ಟಿನಲ್ಲಿ ನಮೂನೆ ಕತ್ತರಿಸಿ, ಒಳಗಿಟ್ಟು ನೋಡಿ, ಆಮೇಲೆ ಫೋಮ್ ಮುಟ್ಟಿ. ಮೂಲ ಫೋಮ್ ಅಂಚಿನಿಂದ ಹೊರಗೆ ಚಾಚಿತ್ತಾ ಅಥವಾ ಅಂಚಿಗೆ ಸಮವಾಗಿತ್ತಾ ಅನ್ನುವುದನ್ನು ಹಳೆಯ ಅಂಟಿನ ಗುರುತು ಮತ್ತು ಉಳಿದ ಚೂರುಗಳಿಂದ ಊಹಿಸಬಹುದು, ಅದಕ್ಕೇ 7ನೇ ಹಂತಕ್ಕೂ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗುವ ಕಡ್ಡಿಯ ಬದಿಯಲ್ಲಿ 2 ರಿಂದ 3 ಮಿಲಿಮೀಟರ್ ಖಾಲಿ ಬಿಡಿ, ಇಲ್ಲದಿದ್ದರೆ ಫೋಮ್ ಅಲ್ಲಿ ಮುದ್ದೆಯಾಗಿ ಫ್ಲ್ಯಾಪನ್ನು ತಡೆಯುತ್ತದೆ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿ, ಫೋಮ್ ಏಳಲು ಶುರುವಾಗುವುದು ಯಾವಾಗಲೂ ಚೂಪು ಮೂಲೆಯಿಂದ.

ಅಂಟಿಸುವಾಗ ಫ್ಲ್ಯಾಪ್ ಒಣಗಿರಬೇಕು, ತೀರಾ ತಣ್ಣಗಿರಬಾರದು. 20 ಡಿಗ್ರಿಗಿಂತ ಮೇಲಿದ್ದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಹಿಂಬದಿಯ ಕಾಗದವನ್ನು ಪೂರ್ತಿ ಸುಲಿಯಬೇಡಿ. ಒಂದು ಅಂಚಿನಲ್ಲಿ 2 ಸೆಂಟಿಮೀಟರ್ ಸುಲಿದು, ಸರಿಯಾಗಿ ಕೂರಿಸಿ, ಉಳಿದದ್ದನ್ನು ಎಳೆಯುತ್ತಾ ಒತ್ತುತ್ತಾ ಹೋಗಿ. ಫೋಮನ್ನು ಹಿಗ್ಗಿಸಬೇಡಿ. ಹಿಗ್ಗಿಸಿ ಅಂಟಿಸಿದ್ದು ನಿಧಾನವಾಗಿ ಹಿಂದಕ್ಕೆ ಕುಗ್ಗಿ ಅಂಚು ಬಿಟ್ಟುಕೊಡುತ್ತದೆ. ಕೊನೆಗೆ ಇಡೀ ಮೈಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಈ ಬಗೆಯ ಅಂಟು ಹಿಡಿಯುವುದು ಒತ್ತಡದಿಂದ, ಸುಮ್ನೆ ಇಟ್ಟರೆ ಹಿಡಿಯುವುದಿಲ್ಲ.

ಫ್ಲ್ಯಾಪ್ ಎರಡೂ ಕಡೆ ಮುಚ್ಚುವಂಥದ್ದಾದರೆ ಎರಡೂ ಬದಿಗೆ ಫೋಮ್ ಬೇಕು. ಬಿಸಿ ಬದಿ ಒಂದಕ್ಕೇ ಹಾಕಿ ನಿಲ್ಲಿಸಿದರೆ ಎಸಿ ಸರಿಹೋಗುತ್ತದೆ, ಚಳಿಗಾಲದಲ್ಲಿ ಹೀಟರ್ ಸೊರಗುತ್ತದೆ.

ಅಂಟು ಚೆನ್ನಾಗಿ ಹಿಡಿಯಲು ಕನಿಷ್ಠ ಒಂದು ದಿನ ಬೇಕು. ಅಷ್ಟರವರೆಗೆ ಹೀಟರ್ ಹಾಕಬೇಡಿ.

## 10. ಉಳಿದ ಸೀಲ್‌ಗಳನ್ನೂ ಈಗಲೇ ಮಾಡಿ

ಫ್ಲ್ಯಾಪ್‌ನ ಫೋಮ್ ಹೋಗಿದೆ ಅಂದರೆ ಡಕ್ಟ್ ಜೋಡಣೆಯದ್ದೂ ಅದೇ ವಯಸ್ಸಿನದ್ದು. ಅಲ್ಲಿ ಫೋಮ್ ಇಲ್ಲದಿದ್ದರೆ ಗಾಳಿ ಡ್ಯಾಶ್ ಹಿಂದೆಯೇ ಸೋರಿ ಹೋಗುತ್ತದೆ, ಫ್ಯಾನ್ ಜೋರಾಗಿ ಕೂಗಿದರೂ ಮುಖಕ್ಕೆ ಗಾಳಿ ಬರುವುದಿಲ್ಲ. ಪಟ್ಟಿಯ ತುದಿಗಳು ಸೇರುವ ಕಡೆ ಓರೆಯಾಗಿ ಕತ್ತರಿಸಿ ಸೇರಿಸಿದರೆ ಸಂದು ಬೀಳುವುದಿಲ್ಲ.

ಹೀಟರ್ ಪೈಪ್‌ಗಳು ಎಂಜಿನ್ ಕಡೆಯ ಗೋಡೆಯನ್ನು ದಾಟುವ ಜಾಗವನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿನ ಸೀಲ್ ಉದುರಿದ್ದರೆ ಎಂಜಿನ್ ಬಿಸಿ, ಹೊಗೆ, ಶಬ್ದ ಎಲ್ಲ ಒಳಗೆ ಬರುತ್ತವೆ. ಹೊರಗಿನ ಗಾಳಿ ಬರುವ ಬಾಯಿಯ ಸುತ್ತ ಇರುವ ಸೀಲ್ ಹೋದರೆ ಮಳೆನೀರು ಬಾಕ್ಸ್‌ಗೆ ಇಳಿಯುತ್ತದೆ.

## 11. ಡ್ಯಾಶ್ ಜೋಡಿಸುವ ಮೊದಲು ಪರೀಕ್ಷೆ

ಫ್ಲ್ಯಾಪನ್ನು ಕೈಯಿಂದ ಈ ಕೊನೆಯಿಂದ ಆ ಕೊನೆಗೆ ಹಲವು ಸಲ ಆಡಿಸಿ. ಮೋಟಾರ್ ಇನ್ನೂ ಬೇರೆಯಾಗಿಯೇ ಇರಲಿ. ನಡುವೆ ಎಲ್ಲೂ ತಡೆಯಬಾರದು, ಕೊನೆಯಲ್ಲಿ ಮಾತ್ರ ಮೆತ್ತಗೆ ಅಮುಕಬೇಕು. ಫ್ಲ್ಯಾಪ್ ಮತ್ತು ಬಾಕ್ಸ್‌ನ ಅಂಚಿನ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಐದಾರು ಕಡೆ ನೋಡಿ. ಎಲ್ಲ ಕಡೆಯೂ ಕಾಗದ ಹಿಡಿದು ಹಿಡಿದು ಬರಬೇಕು. ಸಲೀಸಾಗಿ ಜಾರಿ ಬಂದ ಕಡೆ ಸಂದು ಇದೆ ಅಂತ ಅರ್ಥ. ಬಾಕ್ಸ್ ಹೊರಗೆ ಇದ್ದರೆ ಇನ್ನೂ ಸುಲಭ: ಒಳಗೆ ಟಾರ್ಚ್ ಇಟ್ಟು, ಫ್ಲ್ಯಾಪ್ ಮುಚ್ಚಿ, ದೀಪ ಆರಿಸಿ, ಬೆಳಕು ಎಲ್ಲಿ ಇಣುಕುತ್ತದೆ ನೋಡಿ.

ಈಗ ಕೇಬಲನ್ನು ಗೀಟಿನ ಜಾಗಕ್ಕೆ ಕೂರಿಸಿ. ಹೊಸ ಫೋಮ್‌ನಿಂದ ಹಳೆಯ ಗೀಟು ಒಂದೆರಡು ಮಿಲಿಮೀಟರ್ ಆಚೀಚೆ ಆಗಬಹುದು. ಗುಂಡಿ ಪೂರ್ತಿ ತಣ್ಣನೆಯ ಕಡೆ ಇದ್ದಾಗ ಫ್ಲ್ಯಾಪ್ ಗಟ್ಟಿಯಾಗಿ ಮುಚ್ಚಿರಬೇಕು, ಅದೇ ಅಳತೆಗೋಲು. ನಿರ್ವಾತದಿಂದ, ಅಂದರೆ ಎಂಜಿನ್ ಗಾಳಿ ಹೀರುವ ಎಳೆತದಿಂದ, ಓಡುವ ಫ್ಲ್ಯಾಪ್‌ಗಳಾದರೆ ಕೈಪಂಪ್ ಹಚ್ಚಿ ಪ್ರತಿ ಡಯಾಫ್ರಾಮ್ (ಆ ಎಳೆತಕ್ಕೆ ಫ್ಲ್ಯಾಪ್ ತಿರುಗಿಸುವ ರಬ್ಬರ್ ಪರದೆ) ನಿರ್ವಾತ ಹಿಡಿಯುತ್ತದಾ ನೋಡಿ, ಸೋರುವುದನ್ನು ಈಗಲೇ ಬದಲಿಸಿ.

## 12. ಜೋಡಣೆ ಮತ್ತು ಮೊದಲ ಓಟ

ಎಲ್ಲ ಕನೆಕ್ಟರ್, ಏರ್‌ಬ್ಯಾಗ್ ಸೇರಿದಂತೆ, ಕೂತಿವೆ ಅಂತ ಖಚಿತವಾದ ಮೇಲೆ ಬ್ಯಾಟರಿ ಕೊನೆಗೆ. ಮೊದಲ ಸಲ ಕೀ ತಿರುಗಿಸುವಾಗ ಕಾರಿನೊಳಗೆ ಯಾರೂ ಏರ್‌ಬ್ಯಾಗ್ ಎದುರು ಕೂರದಿರುವುದು ಒಳ್ಳೆಯದು. ಹವಾ ನಿಯಂತ್ರಣ ತಾನಾಗಿ ನಡೆಯುವ ಕಾರುಗಳಲ್ಲಿ ಮೋಟಾರ್‌ಗಳು ತಮ್ಮ ಎರಡು ಕೊನೆಗಳನ್ನು ಮತ್ತೆ ಕಲಿಯಬೇಕು. ಕೆಲವು ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಆ ಸಮಯದಲ್ಲಿ ಗುಂಡಿಗಳನ್ನು ಮುಟ್ಟದೆ ಬಿಡಿ.

ವೆಂಟ್‌ಗಳಿಗೆ ತೆಳು ಬಟ್ಟೆ ಕಟ್ಟಿ, ಕನ್ನಡಕ ಹಾಕಿ, ಫ್ಯಾನನ್ನು ಕಡಿಮೆ ವೇಗದಿಂದ ಏರಿಸುತ್ತಾ ಹೋಗಿ. ಎಷ್ಟೇ ಸ್ವಚ್ಛ ಮಾಡಿದ್ದರೂ ಡಕ್ಟ್‌ಗಳಲ್ಲಿ ಉಳಿದ ಪುಡಿ ಕೊಂಚ ಬಂದೇ ಬರುತ್ತದೆ. ಒಣಗಿದ ಸಣ್ಣ ಪುಡಿಯಾದರೆ ಹೆದರಬೇಡಿ, ಒಂದೆರಡು ವಾರದಲ್ಲಿ ನಿಲ್ಲುತ್ತದೆ. ಹೊಸ ಫೋಮ್‌ನ ಚೂರು ಬಂದರೆ ಅದು ಎಲ್ಲೋ ಉಜ್ಜುತ್ತಿದೆ. ಆಮೇಲೆ 1ನೇ ಹಂತದ ಥರ್ಮಾಮೀಟರ್ ಪರೀಕ್ಷೆಯನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿ, ಹಳೆಯ ಅಂಕಿಯ ಪಕ್ಕ ಬರೆದಿಡಿ.

## ಜೋಡಿಸಿದ ಮೇಲೂ ತೊಂದರೆ ಕಂಡರೆ

ಡ್ಯಾಶ್ ಹಿಂದೆ ಟಕ ಟಕ ಸದ್ದು. ಫೋಮ್ ದಪ್ಪವಾಗಿದೆ ಅಥವಾ ಮೋಟಾರ್ ಕೊನೆಗಳನ್ನು ಕಲಿತಿಲ್ಲ. ಮೊದಲು ಕಲಿಸಿ ನೋಡಿ. ನಿಲ್ಲದಿದ್ದರೆ ಹಾಗೇ ಓಡಿಸಬೇಡಿ, ಗಿಯರ್ ಹೋಗುತ್ತದೆ.

ಗಾಳಿ ಯಾವಾಗಲೂ ಗಾಜಿನ ಕಡೆಗೇ ಹೋಗುತ್ತದೆ. ನಿರ್ವಾತದ ಕಾರಿನಲ್ಲಿ ಯಾವುದೋ ಸಣ್ಣ ಕೊಳವೆ ಕಳಚಿದೆ. ಇಂಥ ಹೆಚ್ಚಿನ ಕಾರುಗಳಲ್ಲಿ ನಿರ್ವಾತ ಇಲ್ಲದಾಗ ಗಾಳಿ ಗಾಜಿಗೆ ಹೋಗುವ ಹಾಗೆಯೇ ಮಾಡಿರುತ್ತಾರೆ.

ತಾಪ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಕಾರಿನೊಳಗಿನ ತಾಪ ಅಳೆಯುವ ಸೆನ್ಸರ್‌ಗೆ ಸಣ್ಣ ಜಾಲರಿ, ಹಿಂದೆ ಪುಟ್ಟ ಫ್ಯಾನ್ ಇರುತ್ತದೆ. ಫೋಮ್ ಪುಡಿ ಅಲ್ಲೂ ಕೂರುತ್ತದೆ. ವ್ಯಾಕ್ಯೂಮ್ ಹಿಡಿದು ತೆಗೆಯಿರಿ.

ತೀಕ್ಷ್ಣ ಅಂಟಿನ ವಾಸನೆ. ಸ್ಪ್ರೇ ಅಂಟು ಬಳಸಿದವರಿಗೆ ಹೆಚ್ಚು. ಕಿಟಕಿ ತೆರೆದು, ತಣ್ಣನೆಯ ಗಾಳಿಯಲ್ಲಿ ಫ್ಯಾನ್ ಓಡಿಸಿ. ವಾರ ಕಳೆದರೂ ಹೋಗದಿದ್ದರೆ ಅಂಟು ಒಣಗುವ ಮೊದಲೇ ಫೋಮ್ ಮುಚ್ಚಿದ್ದೀರಿ, ಆ ಫೋಮ್ ಹೆಚ್ಚು ದಿನ ನಿಲ್ಲುವುದಿಲ್ಲ.

ಮೊದಲು ಚೆನ್ನಾಗಿತ್ತು, ಬೇಸಿಗೆಯಲ್ಲಿ ಮತ್ತೆ ಬಿಸಿ. ಕೊಳವೆ ಕ್ಯಾಮರಾ ಇಳಿಸಿ ಅಂಚುಗಳನ್ನು ನೋಡಿ. ಒಂದು ಮೂಲೆ ಮಾತ್ರ ಎದ್ದಿದ್ದರೆ ಕೈ ತಲುಪುವಷ್ಟು ಬಿಚ್ಚಿ, ಆ ಮೂಲೆಯನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸ ತುಂಡು ಹಾಕಬಹುದು. ಇಡೀ ಹಾಳೆ ಜಾರಿದ್ದರೆ ಕೆಳಗೆ ಹಳೆಯ ಅಂಟು ಉಳಿದಿದೆ, 7ನೇ ಹಂತಕ್ಕೆ ವಾಪಸ್ ಹೋಗಿ.